ಓರೆಬಾಯಿ ತುಂಬೆ, ನೇರಬಾಯಿ ತುಂಬೆ

ನಮ್ಮ ದೊಡ್ಡಮ್ಮನಿಗೆ ಹೂವು ಕಂಡರಾಗದು ಎಂದು ಬಸವನಗುಡಿಯಲ್ಲಿ ಅವರ ಬೀದಿಯವರೆಲ್ಲ ನಂಬಿದ್ದರು. ನಂಬದೆ ಇನ್ನೇನು ಮಾಡಿಯಾರು? ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಮಾರುವಾಕೆ "ತಗೊಳ್ಳಿ ಅಮ್ಮಾ, ಈಗಿನ್ನೂ ಬಂದಿದ್ದು, ಘಮ್ ಅಂತದೆ" ಎಂದು ದಂಡೆ ಎತ್ತಿ ಹಿಡಿದರೆ, ದೊಡ್ಡಮ್ಮ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿ, "ಇದರದ್ದೇನೂ ಚಿಂತೆ ಇಲ್ಲ ಬಿಡಮ್ಮ" ಎಂದು ಮುಂದೆ ನಡೆದುಬಿಡುತ್ತಿದ್ದರು. ಮಲ್ಲಿಗೆಯಾಕೆ ಪಕ್ಕದ ತರಕಾರಿಯವನ ಮುಖ ನೋಡುತ್ತಿದ್ದಳು. ಹಿಂದೆ ಚೀಲ ಹಿಡಿದು ಬರುತ್ತಿದ್ದ ನಾನು ನೆಲ ನೋಡುತ್ತಿದ್ದೆ.

ಇಲ್ಲೊಂದು ವಿವರಣೆ ಬೇಕು. "ಚಿಂತೆ ಇಲ್ಲ" ಎಂಬುದು ದೊಡ್ಡಮ್ಮನ ಬಾಯಲ್ಲಿ ತಿರಸ್ಕಾರವಲ್ಲ, ಅದೊಂದು ದರ್ಜೆ. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು, ಜಗತ್ತಿನ ಗಿಡಮರ ಪ್ರಾಣಿಗಳನ್ನೆಲ್ಲ ಅವಕ್ಕಿರುವ ಅಪಾಯದ ಪ್ರಕಾರ ವಿಂಗಡಿಸುತ್ತಾರೆಂಬುದನ್ನು ಎಲ್ಲೋ ಓದಿದರು. ಓದಿ ಸುಮ್ಮನಿರಲಿಲ್ಲ. ಆ ದರ್ಜೆಗಳನ್ನು ತಮ್ಮ ಅನುಕೂಲಕ್ಕೆ ತಕ್ಕ ಕನ್ನಡದಲ್ಲಿ ಇಳಿಸಿಕೊಂಡರು: ಚಿಂತೆ ಇಲ್ಲ, ಚಿಂತೆ ಇದೆ, ಅಪಾಯ, ಭಾರಿ ಅಪಾಯ, ಹೋಯಿತು. ಇವೆಲ್ಲದರ ಆಚೆಗೆ ಇನ್ನೊಂದು, ಎಲ್ಲಕ್ಕಿಂತ ಭಯಂಕರವಾದದ್ದು: ಯಾರೂ ನೋಡಿಲ್ಲ.

ಮೊದಮೊದಲು ಗಿಡಗಳಿಗಷ್ಟೇ ಇದ್ದ ಈ ದರ್ಜೆಗಳು ಬರಬರುತ್ತಾ ಅಡುಗೆಮನೆಗೂ ನುಗ್ಗಿದವು. "ರೀ, ಕಾಫಿಪುಡಿ ಅಪಾಯದಲ್ಲಿದೆ, ಬರ್ತಾ ತನ್ನಿ" ಎಂದು ಒಳಗಿನಿಂದ ಕೂಗು ಬರುತ್ತಿತ್ತು. ಉಪ್ಪಿನಕಾಯಿಯ ಜಾಡಿ "ಭಾರಿ ಅಪಾಯ." ದೊಡ್ಡಪ್ಪನ ತಲೆಗೂದಲು "ಹೋಯಿತು." ದೊಡ್ಡಪ್ಪ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಬಹಳ ಸಾಧು. ಒಂದು ದಿನ ಧೈರ್ಯ ಮಾಡಿ ಕೇಳಿದರು:

"ಎಲ್ಲಾದಕ್ಕೂ ಹೇಳ್ತೀಯಲ್ಲ, ನನ್ನ ಸ್ಥಿತಿ ಏನೇ?"

"ನಿಮ್ಮದಾ? ಚಿಂತೆ ಇಲ್ಲ. ನಿಮ್ಮಂಥೋರು ಬೀದಿಗೆ ಹತ್ತು ಜನ ಇದ್ದಾರೆ."

ದೊಡ್ಡಪ್ಪ ಸಮಾಧಾನದಿಂದ ಪೇಪರಿನ ಪುಟ ತಿರುವಿದರು. ಅದು ಸಮಾಧಾನದ ಮಾತೋ ಅಲ್ಲವೋ ಎಂಬುದು ಅವರಿಗೆ ಕೊನೆಗೂ ತೀರ್ಮಾನವಾದಂತೆ ಕಾಣಲಿಲ್ಲ.

ದೊಡ್ಡಮ್ಮನ ಜೊತೆ ರಸ್ತೆಯಲ್ಲಿ ನಡೆಯುವುದು ನನ್ನಂಥವರಿಗೆ ಒಂದು ಪರೀಕ್ಷೆ. ಜನ ನನ್ನನ್ನು ತಿರುಗಿ ನೋಡಿದರೆ ಸಾಕು, ನನಗೆ ಎರಡು ದಿನ ಊಟ ಸೇರದು. ದೊಡ್ಡಮ್ಮನಿಗೋ ಜನ ಇದ್ದಾರೆಂಬುದೇ ಗೊತ್ತಾಗುತ್ತಿರಲಿಲ್ಲ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಒಂದು ಭೂತಗನ್ನಡಿ ಅವರ ಬಳಿ ಸದಾ ಇರುತ್ತಿತ್ತು. ನಡೆಯುತ್ತಾ ನಡೆಯುತ್ತಾ ಇದ್ದವರು ಇದ್ದಕ್ಕಿದ್ದಂತೆ ಮಾಯವಾಗುತ್ತಿದ್ದರು. ಗಾಬರಿಯಿಂದ ಹಿಂತಿರುಗಿ ನೋಡಿದರೆ ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಲ್ಲುಚಪ್ಪಡಿಯ ಸಂದಿಗೆ ಮೂಗು ತಗುಲಿಸಿಕೊಂಡಿರುತ್ತಿದ್ದರು.

ಒಮ್ಮೆ ಡಿ.ವಿ.ಜಿ. ರಸ್ತೆಯಲ್ಲಿ, ಸಂಜೆಯ ಜನಜಂಗುಳಿಯ ನಡುವೆ ಹೀಗಾಯಿತು. ಹಿರಿಯ ಹೆಂಗಸೊಬ್ಬರು ಕಣ್ಣಿಗೆ ಅಕ್ಕಸಾಲಿಗರ ಗಾಜು ಇಟ್ಟುಕೊಂಡು ನೆಲ ಹುಡುಕುತ್ತಿದ್ದರೆ ಯಾರಾದರೂ ಏನೆಂದುಕೊಂಡಾರು? "ಪಾಪ, ಓಲೆ ಬಿದ್ದೋಗಿದೆ" ಎಂದು ಯಾರೋ ಅಂದರು. ತಕ್ಷಣ ಒಬ್ಬರು ಬಗ್ಗಿದರು, ಇನ್ನೊಬ್ಬರು ಬಗ್ಗಿದರು. ಆಟೋದವರೊಬ್ಬರು ಗಾಡಿ ನಿಲ್ಲಿಸಿ ಹೆಡ್‌ಲೈಟ್ ಬಿಟ್ಟರು. "ಅಮ್ಮ, ವಜ್ರದ್ದಾ, ಕೆಂಪಿಂದಾ?" ಎಂಬ ಪ್ರಶ್ನೆ ಬಂತು. ದೊಡ್ಡಮ್ಮ ತಲೆ ಎತ್ತದೆ, "ಬಿಳೀದು, ತುಂಬಾ ಚಿಕ್ಕದು" ಎಂದರು. ಹೂವಿನ ವಿಷಯ! ಬೀದಿ ಪೂರ್ತಿ ಹುಡುಕಾಟಕ್ಕಿಳಿಯಿತು. ನಾನು ಪುಸ್ತಕದ ಅಂಗಡಿಯೊಂದರ ಮುಂದೆ ನಿಂತು, ನನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಡಿಕ್ಷನರಿಯ ಬೆಲೆ ವಿಚಾರಿಸುತ್ತಿದ್ದೆ. ಆಗ ಒಬ್ಬರು "ಸಿಕ್ತು!" ಎಂದು ಕೂಗಿ ಒಂದು ಬಿಳಿಕಲ್ಲಿನ ಓಲೆಯನ್ನು ದೊಡ್ಡಮ್ಮನ ಅಂಗೈಗೆ ಇಟ್ಟೇಬಿಟ್ಟರು. ಯಾರದೋ ಏನೋ, ಯಾವ ಕಾಲದ್ದೋ! ದೊಡ್ಡಮ್ಮ ಅದನ್ನೂ ಗಾಜಿನಲ್ಲಿ ನೋಡಿ, "ಇದಲ್ಲ" ಎಂದು ವಾಪಸು ಕೊಟ್ಟರು. ಆ ಓಲೆಯನ್ನು ಪೊಲೀಸ್ ಠಾಣೆಗೆ ತಲುಪಿಸಿ, ಅಲ್ಲಿ ಅದು ಸಿಕ್ಕ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ದೊಡ್ಡಮ್ಮ ಇದ್ದರು. ಇರಬಾರದಿತ್ತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ದೊಡ್ಡಮ್ಮ ಗಂಡಿನ ತಾಯಿಯನ್ನು ಕೇಳಿದರು:

"ನಿಮ್ಮ ಕಡೆ ಖಾಲಿ ಸೈಟು ಇದ್ಯಾ?"

ಆಕೆಯ ಮುಖ ಬಿಗಿಯಿತು. ಹೆಣ್ಣಿನ ಕಡೆಯವರು ಇಷ್ಟು ನೇರವಾಗಿ ಆಸ್ತಿ ವಿಚಾರಿಸುತ್ತಾರೆಯೇ? "ಇದೆ, ಜೆ.ಪಿ. ನಗರದಲ್ಲಿ ಒಂದಿದೆ" ಎಂದರು.

"ಅದರಲ್ಲಿ ಏನು ಬೆಳೆದಿದೆ?"

"ಏನೂ ಇಲ್ಲ. ಚೆನ್ನಾಗಿ ಕ್ಲೀನ್ ಮಾಡ್ಸಿ ಇಟ್ಟಿದೀವಿ."

"ಅಯ್ಯಯ್ಯೋ!" ಎಂದು ದೊಡ್ಡಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು, ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ. ಆ ಸಂಬಂಧ ಅಲ್ಲಿಗೆ ನಿಂತಿತು. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಇಷ್ಟು ಹೇಳಿದರೆ ಸಾಕು.

ಇಷ್ಟೆಲ್ಲ ಹುಡುಕಾಟ ಯಾತಕ್ಕಾಗಿ? ತುಂಬೆ ಗಿಡಕ್ಕಾಗಿ. ನಗಬೇಡಿ. ತುಂಬೆ ಎಲ್ಲರಿಗೂ ಗೊತ್ತು. ಬೇಲಿ ಬದಿ, ಗೋಡೆಯ ಬುಡ, ಬಸ್‌ಸ್ಟ್ಯಾಂಡಿನ ಹಿಂಭಾಗ, ಎಲ್ಲಿ ಯಾರೂ ನೋಡುವುದಿಲ್ಲವೋ ಅಲ್ಲೆಲ್ಲ ಮೊಣಕಾಲೆತ್ತರ ಬೆಳೆದು, ಗೆಣ್ಣು ಗೆಣ್ಣಿಗೆ ಮುಳ್ಳುಚೆಂಡಿನಂಥ ಗೊಂಚಲು ಬಿಟ್ಟು, ಅದರೊಳಗಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಹೂಗಳನ್ನು ಚಾಚುವ ಗಿಡ. ಶಿವನಿಗೆ ಬಲು ಪ್ರಿಯ. ಶೀತಕ್ಕೂ ಆಗುತ್ತದೆ. ದೊಡ್ಡಮ್ಮನ ಲೆಕ್ಕದಲ್ಲಿ ಇದು "ಚಿಂತೆ ಇಲ್ಲ" ದರ್ಜೆಯ ಮುಕುಟಮಣಿ. "ಇದನ್ನ ಚರಂಡಿಗೆ ಎಸೆದ್ರೂ ಬೇರು ಬಿಡುತ್ತೆ. ಮನುಷ್ಯರೆಲ್ಲ ಹೋದ ಮೇಲೂ ಇದು ಇರುತ್ತೆ" ಎನ್ನುತ್ತಿದ್ದರು.

ಆದರೆ ಇದಕ್ಕೊಂದು ದಾಯಾದಿ ಇದೆ. ನೋಡುವುದಕ್ಕೆ ಅದೇ ಬಿಳುಪು, ಅದೇ ಗೊಂಚಲು. ಗಿಡ ಮಾತ್ರ ಸ್ವಲ್ಪ ಬಡಕಲು, ಎಲೆ ಸ್ವಲ್ಪ ಅಗಲ, ಕಾಂಡದ ಮೇಲೆ ಬೂದು ರೋಮ. ಮುಖ್ಯ ವ್ಯತ್ಯಾಸ ಬೇರೆ. ಹೂವು ಕೂತಿರುವ ಹಸಿರು ಬಟ್ಟಲಿದೆಯಲ್ಲ, ಊರ ತುಂಬೆಯಲ್ಲಿ ಅದರ ಬಾಯಿ ಓರೆಯಾಗಿ ಕತ್ತರಿಸಿದಂತಿರುತ್ತದೆ, ಈ ದಾಯಾದಿಯಲ್ಲಿ ನೇರವಾಗಿ. ಅಷ್ಟೇ! ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ನೋಡಿದರೆ ಕಂಡೀತು. ಅದಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲವೆಂದು ದೊಡ್ಡಮ್ಮನೇ "ನೇರಬಾಯಿ ತುಂಬೆ" ಎಂದು ನಾಮಕರಣ ಮಾಡಿದ್ದರು. ಒಣ ಗುಡ್ಡಗಳಲ್ಲಿ, ಬಂಡೆಯ ಬಿರುಕಿನಲ್ಲಷ್ಟೇ ಬೆಳೆಯುವ ಗಿಡವಂತೆ. ಎಷ್ಟು ಉಳಿದಿದೆ, ಎಲ್ಲೆಲ್ಲಿ ಉಳಿದಿದೆ? ದರ್ಜೆ: ಯಾರೂ ನೋಡಿಲ್ಲ.

"ಇಷ್ಟು ವರ್ಷ ಸಂಸಾರ ಮಾಡಿದೀನಿ, ನನ್ನ ಬಾಯಿ ಓರೆಯೋ ನೇರವೋ ಅಂತ ಇವಳು ಒಂದಿನ ನೋಡಿಲ್ಲ" ಎಂದು ದೊಡ್ಡಪ್ಪ ನನ್ನೆದುರು ದೂರಿದರು.

"ನೀವು ಅದನ್ನ ಮುಚ್ಚಿದ್ರೆ ತಾನೇ ನೋಡೋಕಾಗೋದು!" ಎಂದು ಒಳಗಿನಿಂದ ಉತ್ತರ ಬಂತು.

ಇಂಥ ನೇರಬಾಯಿ ತುಂಬೆ ದೊಡ್ಡಮ್ಮನಿಗೆ ಸಿಕ್ಕಿದ್ದು ಅವರದೇ ಬೀದಿಯ ಕೊನೆಯಲ್ಲಿ. ಅಲ್ಲೊಂದು ಖಾಲಿ ಸೈಟಿತ್ತು. ಅದರ ನಡುವೆ ಆನೆಯ ಬೆನ್ನಿನಂಥ ಒಂದು ಬಂಡೆ. ಬಸವನಗುಡಿಯ ಕೆಳಗೆಲ್ಲ ಬಂಡೆಯೇ, ಕೆಲವು ಕಡೆ ಅದು ತಲೆ ಹೊರಗೆ ಹಾಕುತ್ತದೆ. ಬಂಡೆ ಒಡೆಸುವ ರಗಳೆ ಬೇಡವೆಂದು ಅಲ್ಲಿ ಯಾರೂ ಮನೆ ಕಟ್ಟಿರಲಿಲ್ಲ. ಸುತ್ತ ಮುಳ್ಳುತಂತಿ. ಬಂಡೆಯ ಬುಡದಲ್ಲಿ ಊರ ತುಂಬೆ ಸೊಂಪಾಗಿ ಬೆಳೆದಿತ್ತು. ಮೇಲೆ, ನೆತ್ತಿಯ ಬಿರುಕಿನಲ್ಲಿ, ಒಂದು ಹಿಡಿಯಷ್ಟು ಬಡಕಲು ಗಿಡಗಳು. ಅವೇ!

ಅವತ್ತಿನಿಂದ ದೊಡ್ಡಮ್ಮನ ನೆಮ್ಮದಿ ಹೋಯಿತು. ಸಿಗದಿದ್ದಾಗ ಸಿಗಲಿಲ್ಲವೆಂಬ ಒಂದೇ ಚಿಂತೆ ಇತ್ತು. ಸಿಕ್ಕ ಮೇಲೆ ಚಿಂತೆಗಳಿಗೆ ಲೆಕ್ಕವೇ ಇಲ್ಲ. ಹಸು ನುಗ್ಗಿದರೆ? ಹುಡುಗರು ಕ್ರಿಕೆಟ್ ಚೆಂಡು ಹುಡುಕಲು ಹತ್ತಿದರೆ? ಯಾರಾದರೂ ಬೀಡಿ ಎಸೆದರೆ? ದಿನಾ ಬೆಳಿಗ್ಗೆ ಮುಳ್ಳುತಂತಿಯ ನಡುವೆ ನುಸುಳಿ ಹೋಗಿ ನೋಡಿ ಬರುತ್ತಿದ್ದರು. ಶನಿವಾರ ನಾನು ಚಾಮರಾಜಪೇಟೆಯಿಂದ ಬಂದಾಗ ನನ್ನನ್ನೂ ಎಳೆದೊಯ್ಯುತ್ತಿದ್ದರು. "ಯಾರಾದ್ರೂ ಕೇಳಿದ್ರೆ ಏನು ಹೇಳೋದು ದೊಡ್ಡಮ್ಮ?" ಎಂದರೆ "ತುಂಬೆ ನೋಡೋಕೆ ಬಂದಿದೀವಿ ಅನ್ನು. ನಿಜ ಹೇಳೋಕೆ ಭಯ ಯಾಕೆ ಪುಟ್ಟಿ?" ಎನ್ನುತ್ತಿದ್ದರು. ಭಯವಿದ್ದದ್ದೇ ಆ ನಿಜ ಹೇಳುವುದಕ್ಕೆ!

ಕುಂಡದಲ್ಲಿ ಬೆಳೆಸಿ ನೋಡೋಣವೆಂದು ಒಂದೆರಡು ಸಸಿ ತಂದು ತಾರಸಿಯಲ್ಲಿ ನೆಟ್ಟರು. ಬಂಡೆಯ ಬಿರುಕಿನೊಳಗೆ ಆಳಕ್ಕೆ ಇಳಿದಿದ್ದ ಬೇರು ಅರ್ಧಕ್ಕೇ ತುಂಡಾಗಿ ಬಂದಿತ್ತು. ಬಾಡಿ ಹೋದವು. ಮತ್ತೆ ತಂದರು, ಮತ್ತೆ ಬಾಡಿದವು. ಅದೇ ಕುಂಡಗಳಲ್ಲಿ ಯಾರೂ ಕರೆಯದೆ, ಯಾರೂ ನೀರು ಹಾಕದೆ ಊರ ತುಂಬೆ ಎದ್ದು ನಿಂತಿತು. ದೊಡ್ಡಮ್ಮ ಅದನ್ನು ಕಿತ್ತು ಬೀದಿಗೆ ಎಸೆದರು. ಎಸೆದ ಕಡೆಯೂ ಅದು ಹೂ ಬಿಟ್ಟಿತು.

ಕೊನೆಗೆ ಅವರೊಂದು ತೀರ್ಮಾನಕ್ಕೆ ಬಂದರು: ಗಿಡ ಕೀಳುವುದು ದಂಡ, ಬೀಜ ಹಿಡಿಯಬೇಕು. ಬೀಜ ಬಲಿಯುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಒಂದು ಹೂವೂ ಹೋಗಕೂಡದು. ಆದರೆ ನಡುವೆ ಶಿವರಾತ್ರಿ ಇದೆಯಲ್ಲ!

ಶಿವರಾತ್ರಿಯ ಹಿಂದಿನ ದಿನ ಬಸವನಗುಡಿಯ ಭಕ್ತರು ತುಂಬೆ ಹೂವಿಗಾಗಿ ಎಂಥ ಬೇಲಿಯನ್ನೂ ದಾಟಬಲ್ಲರು. ದೊಡ್ಡಮ್ಮನಿಗೆ ವಾರದ ಮೊದಲೇ ನಿದ್ದೆ ಹಾರಿತು. ಕಡೆಗೆ ಒಂದು ಉಪಾಯ ಹೂಡಿದರು. ನಾನೂ ದೊಡ್ಡಪ್ಪನೂ ಎರಡು ದಿನ ಊರೆಲ್ಲ ಸುತ್ತಿ ಊರ ತುಂಬೆ ಬಿಡಿಸಿ ತಂದೆವು. ಅದನ್ನು ಬಿಡಿಸಿದವರಿಗೆ ಗೊತ್ತು, ಗಂಟೆಗಟ್ಟಲೆ ಕೂತರೂ ಅಂಗೈ ತುಂಬುವುದಿಲ್ಲ. ಆ ದಿನ ಬೆಳಿಗ್ಗೆ ದೊಡ್ಡಮ್ಮ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯೊಂದಿಗೆ ಸೈಟಿನ ಮುಂದೆ ಮಣೆ ಹಾಕಿಕೊಂಡು ಕೂತರು. ಬಂದವರಿಗೆಲ್ಲ ಬಾಳೆಲೆಯ ಚೂರಿನಲ್ಲಿ ಹೂವು ಕೊಟ್ಟು, "ತಗೊಳ್ಳಿ, ಒಳಗೆ ಹೋಗ್ಬೇಡಿ" ಎಂದರು. "ಎಷ್ಟಮ್ಮ?" ಎಂದರೆ "ಏನೂ ಬೇಡ, ಒಳಗೆ ಹೋಗ್ಬೇಡಿ" ಎಂದರು.

ಸ್ವಲ್ಪ ಹೊತ್ತಿನಲ್ಲಿ ಸುದ್ದಿ ಹಬ್ಬಿತು: ಯಾರೋ ಅಮ್ಮ ಹರಕೆ ಹೊತ್ತಿದ್ದಾರೆ, ಮೌನವಾಗಿ ಶಿವನ ಹೂವು ದಾನ ಮಾಡುತ್ತಿದ್ದಾರೆ, ಆ ಜಾಗಕ್ಕೆ ಯಾರೂ ಕಾಲಿಡಬಾರದಂತೆ. ಸಾಲು ನಿಂತಿತು. ನವದಂಪತಿಗಳು ಕಾಲಿಗೆ ಬಿದ್ದರು. ಜೀವಮಾನದಲ್ಲಿ ಒಂದು ಸೋಮವಾರವೂ ಉಪವಾಸ ಮಾಡದ ದೊಡ್ಡಮ್ಮ, "ಏಳಿ, ಏಳಿ, ತಂತಿ ತಗುಲೀತು" ಎನ್ನುತ್ತಾ ಆಶೀರ್ವದಿಸಿದರು. ಬಂಡೆಯ ನೆತ್ತಿಯ ಒಂದು ಹೂವೂ ಹೋಗಲಿಲ್ಲ.

ಅದೇ ಸಾಲಿನಲ್ಲಿ ಸೈಟಿನ ಯಜಮಾನರೂ ನಿಂತಿದ್ದರು! ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ವ್ಯಾಪಾರಿ, ದೊಡ್ಡ ಮೀಸೆಯ, ಮೆತ್ತನೆ ಮಾತಿನ ಮನುಷ್ಯ. ಹೂವು ಕಣ್ಣಿಗೊತ್ತಿಕೊಂಡು, "ನಮ್ ಸೈಟ್ ಮುಂದೇನೇ ಇಂಥ ಪುಣ್ಯದ್ ಕೆಲ್ಸ ಮಾಡಿದ್ರಿ ಅಮ್ಮೋರೇ. ಇನ್ನು ತಡ ಮಾಡಲ್ಲ. ವೈಶಾಖದಲ್ಲಿ ಗುದ್ದಲಿ ಪೂಜೆ ಇಟ್ಕಂಡಿದೀವಿ, ಮನೆ ಕಟ್ಟೇ ಬಿಡ್ತೀನಿ" ಎಂದರು.

ದೊಡ್ಡಮ್ಮನ ಕೈಯಿಂದ ಬಾಳೆಲೆ ಜಾರಿತು.

ಈಗ ಯಾರಾದರೂ ಶಾಂತವಾಗಿ ಯೋಚಿಸಬೇಕು. ಬೀಜ ಬಲಿಯುವುದು ಯುಗಾದಿಗೆ, ಪೂಜೆ ಇರುವುದು ವೈಶಾಖದಲ್ಲಿ. ನಡುವೆ ಬೇಕಾದಷ್ಟು ದಿನ ಇದೆ. ಸುಮ್ಮನಿದ್ದು, ಬೀಜ ಆಯ್ದುಕೊಂಡು, ನಮಸ್ಕಾರ ಹಾಕಿ ಬಂದಿದ್ದರೆ ಮುಗಿಯುತ್ತಿತ್ತು. ನಾನು ಇದನ್ನು ಹೇಳಿದೆ, ದೊಡ್ಡಪ್ಪನೂ ಹೇಳಿದರು. ಆದರೆ ದೊಡ್ಡಮ್ಮ ಸುಮ್ಮನಿರುವುದುಂಟೇ? "ಈ ವರ್ಷ ಬೀಜ ತಡವಾದ್ರೆ? ಬಂದಿದ್ದು ಜೊಳ್ಳಾದ್ರೆ? ಒಂದು ಮಳೆಗಾಲ ಸಿಕ್ಕಿದ್ರೆ ಅಲ್ಲೇ ಮೊಳೆತದ್ದನ್ನ ನೋಡ್ಬಹುದು. ಪೂಜೆ ಶ್ರಾವಣಕ್ಕೆ ಹೋಗ್ಬೇಕು" ಎಂದು ಪಟ್ಟು ಹಿಡಿದರು.

ಮೊದಲು ನಿಜವನ್ನೇ ಹೇಳಿ ನೋಡಿದರು. ತರಗುಪೇಟೆಯ ಅಂಗಡಿಗೆ ಹೋಗಿ, ಮೂಟೆಗಳ ನಡುವೆ ಕೂತು, ಓರೆಬಾಯಿ ನೇರಬಾಯಿಗಳ ವ್ಯತ್ಯಾಸವನ್ನು ತೊಗರಿಬೇಳೆಯ ಕಾಳು ಹಿಡಿದು ವಿವರಿಸಿದರು. ಯಜಮಾನರು ಕೊನೆಯವರೆಗೂ ಕೇಳಿದರು.

"ತುಂಬೆ ಗಿಡಾನಾ ಅಮ್ಮೋರೇ? ನಮ್ಮೂರ್ ಹೊಲದ್ ಬದು ಪೂರ್ತಿ ಅದೇ ಐತೆ. ಒಂದ್ ಗಾಡಿ ಕಳಿಸ್ಲಾ?"

ನಿಜ ಸೋತಿತು. ಆಮೇಲೆ ದೊಡ್ಡಮ್ಮ ಮಾಡಿದ್ದು ಯಾರೂ ಊಹಿಸಲಾರದ ಕೆಲಸ. ರಾಹುಕಾಲದಲ್ಲೇ ಬೇಕೆಂದು ಹೊರಗೆ ಹೊರಡುವ ಹೆಂಗಸು, ಪಕ್ಕದ ಮನೆಯಿಂದ ಪಂಚಾಂಗ ಎರವಲು ತಂದರು! ಭೂತಗನ್ನಡಿ ಹಿಡಿದು, ಪರೀಕ್ಷೆಗೆ ಕೂತವರಂತೆ, ಮೂರು ಮಧ್ಯಾಹ್ನ ಓದಿದರು. ದೊಡ್ಡಪ್ಪ ಬಾಗಿಲಲ್ಲಿ ನಿಂತು, "ಇವಳು ಪಂಚಾಂಗ ಓದ್ತಿದಾಳೆ ಅಂದ್ರೆ ಭೂಕಂಪ ಆಗುತ್ತೆ ನೋಡು" ಎಂದರು. ಕೊನೆಗೆ ವೈಶಾಖದ ಆ ಮುಹೂರ್ತದಲ್ಲಿ ಎಂಥದೋ ಒಂದು ದೋಷ ಸಿಕ್ಕೇಬಿಟ್ಟಿತು. ನಿಜವಾದ ದೋಷವೇ! ಸುಳ್ಳು ಹೇಳುವುದು ದೊಡ್ಡಮ್ಮನಿಗೆ ಬಾರದು.

ದೊಡ್ಡಮ್ಮನ ಬಾಯಿಂದ ಅದನ್ನು ಕೇಳಿದ ಯಜಮಾನರು ಗಾಬರಿಯಾಗಿ ತಮ್ಮ ಜೋಯಿಸರ ಬಳಿಗೆ ಓಡಿದರು. ಎರಡು ದಿನದ ಮೇಲೆ ದೊಡ್ಡಮ್ಮನ ಮನೆ ಬಾಗಿಲಿಗೆ ಒಂದು ಚೀಲ ತೊಗರಿಬೇಳೆ ಬಂತು, ಹಿಂದೆಯೇ ಯಜಮಾನರು ಬಂದರು.

"ನೀವ್ ಹೇಳ್ದಿದ್ರೆ ನಾವು ಹಾಳಾಗೋಗ್ತಿದ್ವಿ ಅಮ್ಮೋರೇ! ವೈಶಾಖ ಬ್ಯಾಡ್ವೇ ಬ್ಯಾಡ ಅಂದ್ರು ಜೋಯಿಸ್ರು."

ದೊಡ್ಡಮ್ಮನ ಮುಖ ಅರಳಿತು. "ಹಾಗಾದ್ರೆ ಶ್ರಾವಣ?"

"ಅಷ್ಟ್ ದಿನ ಯಾಕ್ ಕಾಯಾದು? ಫಾಲ್ಗುಣದಲ್ಲೇ ಭೇಷಾಗೈತಂತೆ. ಬರೋ ಶುಕ್ರವಾರ!"

ನಗುವುದೋ ಅಳುವುದೋ ತಿಳಿಯಲಿಲ್ಲ. ಗಿಡದಲ್ಲಿ ಬೀಜ ಇನ್ನೂ ಹಾಲುಹಾಲು. ಯಜಮಾನರು ಹೋದ ಮೇಲೆ ದೊಡ್ಡಮ್ಮ ಚೀಲದ ಮೇಲೇ ಕೂತರು. ದೊಡ್ಡಪ್ಪ ಏನೋ ತಮಾಷೆ ಮಾಡಲು ಬಾಯಿ ತೆರೆದವರು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು.

ಇನ್ನುಳಿದದ್ದು ಸರ್ಕಾರ. ಗಿಡಮರಗಳ ವಿಚಾರ ನೋಡಿಕೊಳ್ಳುವ ಕಚೇರಿಯೊಂದು ಮಲ್ಲೇಶ್ವರದ ಆಚೆ ಇತ್ತು. ಅಲ್ಲಿಂದ ಒಂದು ಪತ್ರ ತಂದರೆ ಕೆಲಸ ಸ್ವಲ್ಪ ದಿನ ನಿಲ್ಲಬಹುದೆಂಬ ಆಸೆ. ಗುರುವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನ ಕಿಟಕಿಯಾಚೆ ಎಷ್ಟೋ ಖಾಲಿ ಜಾಗ ಹಾದುಹೋದವು, ದೊಡ್ಡಮ್ಮ ಒಂದನ್ನೂ ನೋಡಲಿಲ್ಲ. ನನಗೆ ಭಯವಾದದ್ದು ಆಗಲೇ.

ಕಚೇರಿಯಲ್ಲಿ ಮೇಜಿನ ಹಿಂದಿದ್ದ ಹೆಂಗಸು ನಮ್ಮನ್ನು ನೋಡಿದವರೇ ಎದ್ದು ನಿಂತರು. "ಮಿಸ್! ನೀವಾ?" ದೊಡ್ಡಮ್ಮನ ಹಳೆಯ ವಿದ್ಯಾರ್ಥಿನಿ! ನನ್ನ ಜೀವಕ್ಕೆ ಜೀವ ಬಂತು. ಕಾಫಿ ಬಂತು. ವಿಷಯ ಪೂರ್ತಿ ಹೇಳಿದ್ದಾಯಿತು.

"ಮಿಸ್, ಗಿಡ ಪಟ್ಟಿಯಲ್ಲಿದ್ರೆ ಪತ್ರ ಕೊಡ್ಬಹುದಿತ್ತು. ಇದು ಪಟ್ಟಿಯಲ್ಲೇ ಇಲ್ಲ."

"ಯಾಕಿಲ್ಲ?"

"ಯಾರೂ ಸರ್ವೆ ಮಾಡಿಲ್ಲ ಮಿಸ್."

"ಯಾಕೆ ಮಾಡಿಲ್ಲ?"

"ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸರ್ವೆ ಮಂಜೂರಾಗಲ್ಲ ಮಿಸ್."

ದೊಡ್ಡಮ್ಮ ಲೋಟ ಕೆಳಗಿಟ್ಟರು. "ಪರೀಕ್ಷೇಲಿ ಹೀಗೆ ಬರೆದಿದ್ರೆ ನಾನು ನಿನ್ನ ಪಾಸ್ ಮಾಡ್ತಿದ್ನಾ?"

"ಇಲ್ಲ ಮಿಸ್" ಎಂದು ಆಕೆ ತಲೆ ತಗ್ಗಿಸಿದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಪತ್ರ ಮಾತ್ರ ಸಿಗಲಿಲ್ಲ.

"ಪರವಾಗಿಲ್ಲ" ಎಂದರು ದೊಡ್ಡಮ್ಮ, ವಾಪಸು ಬರುವಾಗ. "ಪೂಜೆ ನಾಳೆ ತಾನೇ? ಬೆಳಿಗ್ಗೆ ಬೇಗ ಹೋಗಿ ಎಳೆ ಬೀಜಾನೇ ತರೋಣ. ಅರ್ಧ ಬಲಿತದ್ದು ಒಂದಾದ್ರೂ ಮೊಳೆಯುತ್ತೆ. ಒಂದು ಮೊಳೆತ್ರೆ ಸಾಕು ಪುಟ್ಟಿ."

ಗುದ್ದಲಿ ಪೂಜೆಗೆ ಹಿಂದಿನ ದಿನವೇ ಜಾಗ ಚೊಕ್ಕ ಮಾಡಿ, ಸಗಣಿ ಸಾರಿಸಿ ಇಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದು ಪೂಜೆಗೂ ಹೋಗದ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ನನಗೆ ಹೊಳೆಯಲಿಲ್ಲ.

ಬೀದಿಯ ತಿರುವಿಗೆ ಬಂದಾಗಲೇ ಹೊಗೆಯ ವಾಸನೆ ಬಂತು. ಸೈಟು ಅಂಗೈಯಂತೆ ನುಣ್ಣಗಿತ್ತು. ಒಂದು ಮೂಲೆಯಲ್ಲಿ ಕಳೆಯ ರಾಶಿ ಉರಿದು ಬೂದಿಯಾಗುತ್ತಿತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಬಂಡೆ ಹತ್ತಿದರು. ನಾನು ಹಿಂದೆ ಹತ್ತಿದೆ. ದೇವರ ಕೆಲಸ, ಅಚ್ಚುಕಟ್ಟಾಗಿರಲೆಂದು ಕೆಲಸದವರು ಬಿರುಕಿನೊಳಗೂ ಹಾರೆಯ ಮೊನೆ ಆಡಿಸಿ ಕೆರೆದಿದ್ದರು. ದೊಡ್ಡಮ್ಮ ಕೂತು, ಬಿರುಕಿನಲ್ಲಿ ಬೆರಳಾಡಿಸಿ, ಒಂದಿಷ್ಟು ಮಣ್ಣು ತೆಗೆದು ನೋಡಿ, ಮತ್ತೆ ಅಲ್ಲೇ ಹಾಕಿದರು. ಯಾವ ದರ್ಜೆಯನ್ನೂ ಹೇಳಲಿಲ್ಲ.

ಮನೆಗೆ ಬಂದರೆ ಜಗಲಿಯಲ್ಲಿ ದೊಡ್ಡಪ್ಪ ಕೂತಿದ್ದರು. ಪಂಚೆ ಉದ್ದಕ್ಕೆ ಹರಿದಿತ್ತು. ಮೊಣಕೈಯಲ್ಲಿ ತಂತಿ ಗೀರಿದ ರಕ್ತ ಒಣಗಿತ್ತು. ಮುಂದೊಂದು ಬಕೆಟ್ಟು.

"ನೀವು ಆ ಕಡೆ ಹೋಗ್ತಿದ್ದ ಹಾಗೇ ಅವರು ಬಂದ್ರು ಕಣೇ" ಎಂದರು. "ನಾಳೆ ಮಾಡಿ ಅಂದೆ, ಕೇಳ್ಲಿಲ್ಲ. ನಾನೇ ತಂತಿ ದಾಟಿದೆ. ಬಂಡೆ ಮೇಲೆ ಹತ್ತೋಕೆ ಹೋದೆ, ಕಾಲು ಜಾರ್ತು, ಆದ್ರೂ ಬಿಡ್ಲಿಲ್ಲ. ಕೀಳೋ ಮುಂಚೆ ಅಲ್ಲಿದ್ದಿದ್ರಲ್ಲಿ ಚೆನ್ನಾಗಿ ಸೊಂಪಾಗಿರೋದನ್ನೇ ಆರಿಸಿದೆ. ಬೇರು ಮುರೀದೆ, ಮಣ್ಣು ಸಮೇತ. ನೋಡು, ಒಂದೆಲೆ ಬಾಡಿಲ್ಲ!"

ಬಕೆಟ್ಟಿನಲ್ಲಿ ಹಸಿರು ತುಂಬಿ ತುಳುಕುತ್ತಿತ್ತು. ದೊಡ್ಡಮ್ಮ ಬಗ್ಗಿ ನೋಡಿದ ಮೇಲೆ ನಾನೂ ಬಗ್ಗಿದೆ. ಗಾಜು ಬೇಕಾಗಲಿಲ್ಲ, ಅಷ್ಟು ಹೊತ್ತಿಗೆ ನನ್ನ ಕಣ್ಣೂ ಪಳಗಿತ್ತು. ಕಿರಿದಾದ ಎಲೆ, ರೋಮವಿಲ್ಲದ ಕಾಂಡ. ಬಟ್ಟಲಿನ ಬಾಯಿ ಓರೆ. ಒಂದರದ್ದಲ್ಲ, ಎಲ್ಲದರದ್ದೂ.

"ಇದೇ ತಾನೇ?" ಎಂದು ದೊಡ್ಡಪ್ಪ ಕೇಳಿದರು. "ನೇರವಾಗಿದೆ ಅಲ್ವಾ? ನಂಗೆ ಕನ್ನಡಕ ಇರ್ಲಿಲ್ಲ..."

ಒಂದು ಎಲೆಯ ಅಗಲ ತಪ್ಪು ಹೇಳಿದರೂ ಹೈಸ್ಕೂಲಿನ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ದೊಡ್ಡಮ್ಮ ಬಕೆಟ್ಟಿನ ಅಂಚಿಗೆ ಜೋತಿದ್ದ ಒಂದು ರೆಂಬೆಯನ್ನು ಮೆಲ್ಲಗೆ ಒಳಗೆ ಸರಿಸಿದರು. ಆಮೇಲೆ ಅವರು ನನ್ನ ಕಡೆ ಒಮ್ಮೆ ನೋಡಿ, ದೊಡ್ಡಪ್ಪನ ಕಡೆ ತಿರುಗಿದರು.

"ಇದೇ ರೀ" ಎಂದರು. "ಇದೇ."

ದೊಡ್ಡಪ್ಪ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು. ದೊಡ್ಡಮ್ಮ ಒಳಗಿನಿಂದ ಅರಿಶಿನ ತಂದು ಅವರ ಮೊಣಕೈಗೆ ಹಚ್ಚಿದರು.

ಮುಂದಿನ ಶನಿವಾರ ನಾನು ಹೋದಾಗ ತಾರಸಿಯಲ್ಲಿ ನೆರಳಿಗೆ ಚಪ್ಪರ ಕಟ್ಟಿತ್ತು. ಅದರ ಕೆಳಗೆ ಅವರ ಮನೆಯ ಅತ್ಯಂತ ಚೆಂದದ ಕುಂಡ. ಕುಂಡದಲ್ಲಿ ಊರ ತುಂಬೆ ಮೈತುಂಬ ಹೂ ಬಿಟ್ಟು ನಿಂತಿತ್ತು. ದೊಡ್ಡಪ್ಪ ಚೊಂಬು ಹಿಡಿದು ನೀರೆರೆಯುತ್ತಿದ್ದರು. "ನೋಡಮ್ಮ, ಈ ಊರಲ್ಲೇ ಬೇರೆ ಎಲ್ಲೂ ಇಲ್ಲ" ಎಂದು ನನ್ನನ್ನು ಹತ್ತಿರ ಕರೆದರು. ನಾನು ನೋಡಿ ತಲೆಯಾಡಿಸಿದೆ.

ಮೆಟ್ಟಿಲ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು.

"ಅಷ್ಟೊಂದು ಹಾಕ್ಬೇಡಿ ರೀ" ಎಂದರು. "ಅರ್ಧ ಚೊಂಬು ಸಾಕು. ತುಂಬಾ ಸೂಕ್ಷ್ಮದ ಗಿಡ ಅದು."